ಡ್ರಮ್ಮಿನೊಳಗ ಸಜ್ಜಿ, ಅಂಗಳದೊಳಗ ಬೀಗತಿ

ನನ್ನ ಮೊಮ್ಮಗಳು ಹಸಿರಿಗೆ ಬಂದಳು!

ಇವತ್ತು ಮುಂಜಾನೆ ಅಂಗನವಾಡಿಯ ತಕ್ಕಡಿಯ ಜೋಲಿಯಲ್ಲಿ ಕುಂತು ಕಾಲು ಝಾಡಿಸಿದಳು, ಮುಳ್ಳು ಸರಿಯಿತು. ಟೀಚರು ತೂಕದ ಚಾರ್ಟಿನಲ್ಲಿ ಹಳದಿ ಬಿಟ್ಟು ಹಸಿರಿನ ಮೇಲೆ ಚುಕ್ಕಿ ಇಟ್ಟರು. ಹಳದಿ ಅಂದರೆ ಕೂಸು ಸೊರಗೈತಿ, ಹಸಿರು ಅಂದರೆ ಚಿಂತಿ ಇಲ್ಲ. ನಾನು ಅಲ್ಲಿಂದ ಹೊರಗೆ ಬಂದವನೇ ನಮ್ಮೂರು ಮರಳಿಯ ಓಣಿ ಓಣಿಗೆ ಹೇಳಿದೆ. ಚಹಾದಂಗಡಿಯವನಿಗೆ ಹೇಳಿದೆ. ಗಂಗಾವತಿ ಬಸ್ಸಿಗೆ ನಿಂತಿದ್ದ ಗುರ್ತಿಲ್ಲದ ಮಂದಿಗೂ ಹೇಳಿದೆ. ಒಬ್ಬ ಕೇಳಿದ, "ಏನ್ರಿ ಅಜ್ಜಾರ, ಲಾಟರಿ ಹತ್ತೇತೇನು?" "ಲಾಟರಿ ನಿಮ್ಮಂಥೋರಿಗೆ ಹತ್ತಲಿ, ನನ್ನ ಮೊಮ್ಮಗಳು ಹಸಿರಿಗೆ ಹತ್ಯಾಳ" ಅಂದೆ. ಅವನಿಗೆ ತಿಳಿಯಲಿಲ್ಲ. ತಿಳಿಯದಿದ್ದರೆ ಹೋಗಲಿ.

ಇಷ್ಟು ಸಂತೋಷದ ಹೊತ್ತಿನಲ್ಲೂ ನನ್ನ ಬೀಗತಿ ಏನಂದಳು ಗೊತ್ತೇನು? "ತಕ್ಕಡಿ ಕೆಟ್ಟಿರಬೇಕು. ಟೀಚರ್, ಇನ್ನೊಮ್ಮಿ ಹಾಕ್ರಿ."

ಇನ್ನೊಮ್ಮೆ ಹಾಕಿದರು. ಮುಳ್ಳು ಅಲ್ಲೇ ನಿಂತಿತು. ಆಗ ಆಕೆ ಸೆರಗು ಝಾಡಿಸಿ ಎದ್ದು ಹೋದಳು. ಆ ಹೋಗುವ ಬೆನ್ನು ನೋಡಿದ ಸುಖವನ್ನು ನಾನು ಯಾರಿಗೂ ಕೊಡುವುದಿಲ್ಲ.

ಈ ಬೀಗತಿ ಅಂದರೆ ನನ್ನ ಸೊಸೆಯ ತಾಯಿ, ಅಳವಂಡಿಯವಳು. ನನ್ನ ಮನೆಯಲ್ಲಿ ಹಿರಿಯ ಹೆಣ್ಣು ಇಲ್ಲ, ನನ್ನವಳು ತೀರಿಹೋಗಿ ಭಾಳ ದಿನ ಆಯಿತು. ಆ ಒಂದು ನೆಪ ಹಿಡಿದು ಬಾಣಂತನ ಮುಗಿದ ಮೇಲೆ ಮಗಳ ಜೊತೆಗೆ ಈಕೆಯೂ ಬಂದು ನಮ್ಮಲ್ಲಿ ಠಿಕಾಣಿ ಹಾಕಿದಳು. ಜೊತೆಗೆ ತನ್ನ ಹೊಲದ ಬಿಳಿಜೋಳದ ಚೀಲ ತಂದಳು. ಯಾಕೆಂದರೆ ನಾವು ಕಾಲುವೆ ನೀರಿನ ಮಂದಿ, ಭತ್ತ ಬೆಳೆದು ಅನ್ನ ತಿನ್ನುವವರು. ಅವಳ ಲೆಕ್ಕದಲ್ಲಿ ಅನ್ನ ತಿನ್ನುವವರು ಮನುಷ್ಯರೇ ಅಲ್ಲ.

"ಅನ್ನ ತಿಂದ ಮೈ ಗಾಳಿಗೆ ಬೀಳ್ತೈತಿ. ನನ್ನ ಮೊಮ್ಮಗಳು ಸೊರಗಿದ್ದು ಅದಕ್ಕ" ಅನ್ನುವಳು.

"ರೊಟ್ಟಿ ತಿಂದ ಮಂದಿಯ ಬಾಯಿ ಗಟ್ಟಿ ಇರ್ತೈತಿ ಅಂತ ಕೇಳಿದ್ದೆ, ಈಗ ನೋಡಿದೆ" ಅನ್ನುವೆನು.

ಬೀಗರು ಬೀಗರು ಬೈದಾಡುವುದು ನಮ್ಮ ಕಡೆ ಚ್ಯಾಷ್ಟಿಗೆ, ಬರೇ ನಗಲಿಕ್ಕೆ. ಇದು ಚ್ಯಾಷ್ಟಿ ಆಗಿರಲಿಲ್ಲ. ಕೂಸು ನಿಜವಾಗಿ ಸೊರಗಿತ್ತು. ಎಂಟು ತಿಂಗಳು ತುಂಬಿದರೂ ಕೈ ಕಡ್ಡಿ ಇದ್ದಂಗೆ. ಗಟ್ಟಿ ಗಂಜಿ ಕೊಟ್ಟರೆ ನಾಲಿಗೆಯಿಂದ ಹೊರಗೆ ತಳ್ಳುವುದು. ನೀರು ಹಾಕಿ ತೆಳ್ಳಗೆ ಮಾಡಿದರೆ ಕುಡಿಯುವುದು, ಆದರೆ ಅದರಲ್ಲಿ ಹಿಟ್ಟು ಎಷ್ಟು ಇರುತ್ತದೆ? ಹೊಟ್ಟೆ ನೀರಿನಿಂದ ತುಂಬಿ ಮೈ ಹಂಗೇ ಉಳಿಯಿತು. ಟೀಚರು ಹಳದಿಯ ಮೇಲೆ ಚುಕ್ಕಿ ಇಟ್ಟ ದಿನ ಬೀಗತಿ ಅಂಗಳದಲ್ಲಿ ನಿಂತು ನನ್ನ ಮಗನ ಮುಂದೆ ಷರತ್ತು ಹಾಕಿದಳು.

"ಬರೂ ತಿಂಗಳ ತೂಕಕ್ಕ ಇದು ಏಳದಿದ್ರ, ನನ್ನ ಮಗಳನ್ನ ಕೂಸನ್ನ ಕರಕೊಂಡು ಅಳವಂಡಿಗೆ ಹೊಕ್ಕೀನಿ. ವರ್ಷೊಪ್ಪತ್ತು ಈ ಕಡೆ ಕಳಸೂದಿಲ್ಲ."

ಮಗ ಲೈನ್‌ಮನ್. ಕಂಬ ಹತ್ತುವಾಗ ಹೆದರದವನು ಅತ್ತೆಯ ಮುಂದೆ ತಲೆ ತಗ್ಗಿಸಿ "ಆತ್ರಿ" ಅಂದ. ನನಗೆ ಎದೆಯೊಳಗೆ ಕೊಳ್ಳಿ ಇಟ್ಟಂಗಾಯಿತು. ಮುಂಜಾನೆ ಎದ್ದ ತಕ್ಷಣ ಆ ಕೂಸಿನ ಮುಖ ನೋಡದಿದ್ದರೆ ನನಗೆ ಹೊತ್ತೇ ಹುಟ್ಟುವುದಿಲ್ಲ.

ಮೊಳಕೆ ಕಟ್ಟಿದ ಕಾಳನ್ನು ಒಣಗಿಸಿ ಬೀಸಿದ ಹಿಟ್ಟು ಕೊಡಿ, ಕೂಸಿಗೆ ಸಲೀಸಾಗಿ ಇಳಿಯುತ್ತದೆ ಅಂತ ಹೇಳಿದವರು ಟೀಚರು. ಸೊಸೆ ಅರಿವೆಯಲ್ಲಿ ಜೋಳ ಕಟ್ಟಿ ಇಟ್ಟಳು. ಹೋಳಿ ಮುಗಿದಿತ್ತು, ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಗಂಟು ಬಿಚ್ಚಿದರೆ ಒಳಗೆ ಹುಳಿ ವಾಸನೆ, ಕಾಳು ಲೋಳೆ ಲೋಳೆ. ಬೀಗತಿ ಮೂಗು ಮುಚ್ಚಿದಳು. "ಇದನ್ನ ತಿಂದ್ರ ಕೂಸು ಹಸಿರಿಗಲ್ಲ, ಮಣ್ಣಿಗೆ ಹೋಗ್ತೈತಿ."

ಆ ಮಾತು ನನಗೆ ತಡೆಯಲಾಗಲಿಲ್ಲ. "ನಾ ಮಷೀನ್ ಮಾಡ್ತೀನಿ" ಅಂದೆ.

"ಏನು ಮಷೀನು?"

"ಮೊಳಕಿ ಮಷೀನು."

"ಮೊಳಕಿಗೆ ಮಷೀನು ಬೇಕಾ? ಮತ್ತ ಹೆರಿಗಿಗೂ ಒಂದು ಮಾಡ್ರಿ" ಅಂದಳು.

ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ನಾನು ಫಿಟ್ಟರ್ ಆಗಿದ್ದವನು. ಭತ್ತ ನೆನೆಹಾಕುವ ಟ್ಯಾಂಕು, ಉಗಿ ಕೊಡುವ ಕೊಳವೆ, ಒಣಗಿಸುವ ಡ್ರೈಯರು, ಜರಡಿ ಎಲ್ಲ ನನ್ನ ಕೈಯಿಂದ ಬಿಚ್ಚಿ ಜೋಡಿಸಿದವು. ಕಾಳು ನೆನೆಸುವುದು ಒಣಗಿಸುವುದು ನನಗೆ ಯಾರು ಕಲಿಸಬೇಕು? ಆ ಸೊಕ್ಕೇ ನನ್ನನ್ನು ಮೊದಲು ಕೆಡವಿತು.

ಮಿಲ್ಲಿನಲ್ಲಿ ಕುಚ್ಚಲು ಅಕ್ಕಿಗೆ ಭತ್ತವನ್ನು ಬಿಸಿ ನೀರಿನಲ್ಲಿ ನೆನೆಸುತ್ತಾರೆ. ಬೇಗ ನೀರು ಕುಡಿಯುತ್ತದೆ, ವಾಸನೆ ಬರುವುದಿಲ್ಲ. ನಾನೂ ಹಂಡೆಯಲ್ಲಿ ಕೈ ಇಟ್ಟರೆ ಚುರ್ ಅನ್ನುವ ನೀರು ಕಾಯಿಸಿ ಜೋಳಕ್ಕೆ ಹೊಯ್ದು ಮುಚ್ಚಿಟ್ಟೆ. ಮರುದಿನ ಕಾಳು ಉಬ್ಬಿ ಮುತ್ತಿನಂಗೆ ಆಗಿತ್ತು. ಬಸಿದು ತೇವದ ಗೋಣಿಚೀಲದ ಮೇಲೆ ಹರವಿದೆ. ಕಾದೆ, ನೀರು ಚಿಮುಕಿಸಿದೆ, ಮತ್ತೆ ಕಾದೆ. ಒಂದು ಕಾಳೂ ಬಾಯಿ ಬಿಡಲಿಲ್ಲ. ಉಗುರಿನಿಂದ ಒತ್ತಿ ನೋಡಿದರೆ ಒಳಗೆ ಅರ್ಧ ಬೆಂದ ಅನ್ನ.

ಬೀಗತಿ ಬಂದು ಗೋಣಿಯ ಮುಂದೆ ಕುಕ್ಕರಗಾಲಿನಲ್ಲಿ ಕುಂತಳು. "ಹೆಣಾನ ಎಬ್ಬಸ್ತೀರೇನು ಬೀಗರ? ಬೇಯಿಸಿ ಬಿತ್ತಿದವರು ನಿಮ್ಮ ಹೊರತು ಯಾರೂ ಇಲ್ಲ."

ಆಗ ಹೊಳೆಯಿತು. ಮಿಲ್ಲಿನಲ್ಲಿ ನಾವು ಕಾಳು ಮೊಳೆಯದಂಗೆ ನೋಡಿಕೊಳ್ಳುತ್ತಿದ್ದೆವು. ಮೊಳೆತ ಭತ್ತ ಅಂದರೆ ಅಲ್ಲಿ ಕೆಟ್ಟ ಮಾಲು, ಮಾಲಕನ ಬೈಗುಳ. ನನ್ನ ಕೈಗಳಿಗೆ ಕಾಳನ್ನು ಸಾಯಿಸುವ ಕೆಲಸ ಮಾತ್ರ ಬರುತ್ತಿತ್ತು. ಈಗ ಅದನ್ನು ಜೀವಂತ ಇಡಬೇಕು.

ಮರುದಿನ ತಣ್ಣೀರು. ನಡುನಡುವೆ ನೀರು ಬಸಿದು ಕಾಳನ್ನು ಗಾಳಿಗೆ ಬಿಟ್ಟು, ಮತ್ತೆ ನೀರು. ಬೇರಿನ ತುದಿ ಬಿಳಿ ಚುಕ್ಕಿಯಂಗೆ ಕಂಡಾಗ ನಾನು ಕುಣಿದೆ. ಆದರೆ ಸಂಜೆಯ ಹೊತ್ತಿಗೆ ರಾಶಿಯೊಳಗೆ ಕೈ ಹಾಕಿದರೆ ಜ್ವರ ಬಂದವರ ಹಣೆ ಮುಟ್ಟಿದಂಗೆ. ಮೊಳೆಯುವ ಕಾಳು ತಾನೇ ಕಾಯುತ್ತದೆ. ಒಳಗಿನವು ಬೆಂದು, ಹೊರಗಿನವು ಒಣಗಿ, ಬೇರುಗಳು ಹೆಣೆದುಕೊಂಡು ಚಾಪೆ ಆಗಿದ್ದವು. ಬಿಡಿಸಿದರೆ ಹರಿದು ಬಂದವು. ಕೈಯಿಂದ ತಿರುವುವ ಕೆಲಸ ಅಲ್ಲ ಇದು, ತಿರುಗುವ ಪಾತ್ರೆ ಬೇಕು ಅಂದುಕೊಂಡೆ.

ಗುಜರಿ ಅಂಗಡಿಗೆ ಹೋಗಿ ಹಳೆಯ ವಾಷಿಂಗ್ ಮಷೀನಿನ ಸ್ಟೀಲ್ ಡ್ರಮ್ಮು ಹುಡುಕಿದೆ. ಸುತ್ತ ತೂತು ಇರುವಂಥದು, ಗಾಳಿ ಆಡಲಿ ಅಂತ. ಗುಜರಿಯವ ಕೇಳಿದ, "ಅಜ್ಜಾರ, ಅರಬಿ ಒಗಿಯಾಕ ಸೊಸಿ ಇಲ್ಲೇನು?" ಅವನಿಗೂ ಎರಡು ಮಾತು ಬಿಟ್ಟು ಡ್ರಮ್ಮನ್ನು ಹೊತ್ತು ತಂದೆ. ಸೋಪಿನ ಕಸ ಹೋಗುವ ತನಕ ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಕುದಿಯುವ ನೀರು ಹೊಯ್ದೆ. ಅಡ್ಡಲಾಗಿ ಮಲಗಿಸಿ ನಡುವೆ ಕಬ್ಬಿಣದ ಸಲಾಕೆ ಹಾಯಿಸಿದೆ, ಎರಡೂ ಕಡೆ ಸೈಕಲ್ಲಿನ ಬೇರಿಂಗು ಕೂರಿಸಿದೆ, ಒಂದು ತುದಿಗೆ ಹಿಡಿಕೆ. ಗ್ರೀಸು ಕಾಳಿಗೆ ತಾಗಬಾರದು ಅಂತ ಬೇರಿಂಗುಗಳನ್ನು ಡ್ರಮ್ಮಿನಿಂದ ದೂರ, ಕಟ್ಟಿಗೆಯ ಕಾಲುಗಳ ಹೊರಗೆ ಇಟ್ಟೆ. ಮೇಲೆ ಒದ್ದೆ ಗೋಣಿ ಹೊದಿಸಿದೆ. ಕಾಳು ಅರ್ಧಕ್ಕಿಂತ ಕಡಿಮೆ ಹಾಕಬೇಕು, ಆಗ ಹೊರಳುತ್ತದೆ. ಹೋಗುವವರು ಬರುವವರು ಒಂದೊಂದು ಸುತ್ತು ಹಿಡಿಕೆ ತಿರುವಬೇಕು ಅಂತ ಮನೆಯಲ್ಲಿ ಹುಕುಂ ಮಾಡಿದೆ. ಸೊಸೆ ತಿರುವಿದಳು, ಮಗ ಡ್ಯೂಟಿಗೆ ಹೋಗುವಾಗ ತಿರುವಿದ. ಬೀಗತಿ ಮುಟ್ಟಲಿಲ್ಲ. "ಗಾಣದ ಎತ್ತು ಆಗಾಕ ನಾ ಬಂದಿಲ್ಲ" ಅಂದಳು.

ಈ ಸಲ ಮೊಳಕೆ ಬಂತು ನೋಡ್ರಿ! ಒಂದೇ ಸಮ, ಬಿಳಿ ಬಿಳಿ, ಸೌತೆಕಾಯಿ ಕೊಯ್ದಂಥ ವಾಸನೆ. ಹಸಿರು ಸುಳಿಯೂ ತಲೆ ಎತ್ತಿತ್ತು. ಅದನ್ನು ಮಾಳಿಗೆ ಮೇಲೆ ಹರವಿ ಒಣಗಿಸಿ, ಸುಳಿ ಬೇರು ಸಹಿತ ಬೀಸಬೇಕು ಅಂತ ನನ್ನ ಇರಾದೆ. ಮಿಲ್ಲಿನಲ್ಲಿ ಏನನ್ನೂ ಚೆಲ್ಲುವುದಿಲ್ಲ. ಹೊಟ್ಟು ಒಲೆಗೆ, ತೌಡು ಎಣ್ಣೆಗೆ, ನುಚ್ಚು ಕೋಳಿಗೆ. ಸುಳಿಯಲ್ಲೇ ಶಕ್ತಿ ಜಾಸ್ತಿ ಇರುತ್ತದೆ ಅಂತ ನಾನೇ ಒಂದು ವೇದ ಕಟ್ಟಿಕೊಂಡಿದ್ದೆ.

ಮೊಳಕೆ ಹರವಿಟ್ಟು ಗಂಗಾವತಿಗೆ ಹೋಗಿ, ಬೀಸುವ ಕಲ್ಲಿಗೆ ಉಳಿ ಹಾಕಿಸಿಕೊಂಡು ಬರುವಷ್ಟರಲ್ಲಿ ಮಾಳಿಗೆ ಖಾಲಿ. ಒಂದು ಕಾಳು ಇಲ್ಲ. ಬೀಗತಿ ತಿಪ್ಪೆಯ ಹತ್ತಿರ ಸಲಿಕೆ ಹಿಡಿದು ನಿಂತಿದ್ದಳು.

"ಎಲ್ಲಿ ಐತಿ ನನ್ನ ಮೊಳಕಿ?"

"ಹುಗದೀನಿ. ದನ ಸೈತ ಬಾಯಿ ಹಾಕಬಾರದು ಅಂತ ಆಳಕ್ಕ ಹುಗದೀನಿ."

ನಾನು ಒದರಿದೆ. "ಮನಿ ಹಾಳಿ! ಕೂಸಿನ ತುತ್ತನ್ನ ತಿಪ್ಪಿಗೆ ಹಾಕಿದ್ಯೇನು?"

ಆಕೆ ನನಗಿಂತ ಜೋರಾಗಿ ಒದರಿದಳು. "ಅದು ತುತ್ತಲ್ಲೋ ಭತ್ತದ ಮನಷ್ಯಾನ! ಎಳಿ ಜೋಳದ ಸುಳಿ ಮೇದು ನನ್ನ ಗಂಡನ ಎತ್ತು ನಿಂತಲ್ಲೇ ಉರುಳಿ ಬಿದ್ದೈತಿ. ಬಾಯಾಗ ನೊರಿ ಬಂದು, ಒಂದು ಚಹಾ ಕುಡಿಯೂ ಹೊತ್ತಿನ್ಯಾಗ ಹೋತು. ಅಂಥ ಎತ್ತು ತಡಿಲಿಲ್ಲ, ಈ ಕೂಸು ತಡಿತೈತೇನು? ನಿಮಗ ಜೋಳ ಅಂದ್ರ ಗೊತ್ತೈತೇನು? ಕೆಸರಿನ್ಯಾಗ ಹುಟ್ಟಿದವರು!"

ಓಣಿಯ ಮಂದಿ ನಿಂತು ನೋಡಿದರು. ಮಗ ಬಂದು ನನ್ನನ್ನೇ ಬೈದ. "ಯಪ್ಪಾ, ಸಾಕು ಮಾಡು. ನಿನ್ನ ಹಟಕ್ಕ ನನ್ನ ಮಗಳ ಮ್ಯಾಲ ಪ್ರಯೋಗ ಮಾಡಬ್ಯಾಡ." ನನ್ನ ಸ್ವಂತ ಮಗ! ಡ್ರಮ್ಮನ್ನು ಬಿಚ್ಚಿ ಗುಜರಿಗೆ ಒಗೆದು ಬರಲೇ ಅನ್ನಿಸಿತು. ಸ್ಪ್ಯಾನರು ಕೈಯಲ್ಲಿ ಹಿಡಿದಿದ್ದೆ ಕೂಡ. ಆಗ ಒಳಗಿನಿಂದ ಕೂಸು ಅತ್ತಿತು. ಹಸಿದ ಕೂಸಿನ ಅಳು ಬ್ಯಾರೆ ಇರುತ್ತದೆ, ಅದಕ್ಕೆ ಜೋರು ಇರುವುದಿಲ್ಲ. ಸ್ಪ್ಯಾನರು ಕೆಳಗಿಟ್ಟೆ.

ಬೀಗತಿ ಸುಳ್ಳು ಹೇಳುತ್ತಾಳೆ ಅಂತ ಸಾಬೀತು ಮಾಡಲಿಕ್ಕೆಂದೇ ಗಂಗಾವತಿಗೆ ದನದ ಡಾಕ್ಟರ ಹತ್ತಿರ ಹೋದೆ. ಹಿಂಗಿಂಗೆ ಅಂತ ಹೇಳಿದೆ. ಅವರು ಕೆಲಸ ಬಿಟ್ಟು ನನ್ನ ಮುಖ ನೋಡಿದರು.

"ಖರೆ ಐತಿ ಅಜ್ಜಾರ. ಎಳಿ ಜೋಳದ ಸುಳಿಯೊಳಗ ವಿಷ ಇರ್ತೈತಿ. ಒಣಗಿಸಿ, ಸುಳಿ ಬೇರು ಪೂರಾ ತಿಕ್ಕಿ ತಗದ್ರ ಕಡಿಮಿ ಅಕ್ಕೈತಿ, ಮಾಡೋರು ಅದಾರ. ನೀವು ಯಾರ ಸಲುವಾಗಿ ಮಾಡಾಕ ಹತ್ತೀರಿ?"

"ಎಂಟು ತಿಂಗಳ ಕೂಸಿಗೆ."

"ಮತ್ತ ಜೋಳಾನ ಯಾಕ ಬೇಕ್ರಿ?"

ಇಷ್ಟೇ ಕೇಳಿದರು. ಜೋಳವೇ ಯಾಕೆ ಅಂದರೆ ಮನೆಯಲ್ಲಿ ಜೋಳದ ಚೀಲ ಇತ್ತು, ಅದು ಬೀಗತಿಯ ಚೀಲ, ಅವಳ ಜೋಳದಿಂದಲೇ ಅವಳ ಬಾಯಿ ಮುಚ್ಚಿಸಬೇಕು ಅನ್ನುವ ಹಟ ಇತ್ತು. ಕೂಸಿನ ಬಾಯಿಗೆ ಹೋಗುವುದಕ್ಕೆ ಇದು ಕಾರಣ ಆಗಬಾರದು. ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕುಂತು ನಿಶ್ಚಯ ಮಾಡಿದೆ: ಜೋಳ ಬಿಡುವುದು, ಸಜ್ಜೆ ಹಿಡಿಯುವುದು. ಯಾವ ಕಾಳಾದರೂ ಸುಳಿ ಬೇರು ಪೂರಾ ತೆಗೆಯುವುದು. ಊರಿಗೆ ತಿರುಗದೆ ಅಲ್ಲಿಂದಲೇ ಕುಷ್ಟಗಿ ಬಸ್ಸು ಹತ್ತಿದೆ, ಸಜ್ಜೆಯ ಸೀಮೆ ಅದು. ಬೀಜದ ಅಂಗಡಿಯಲ್ಲಿ ಗುಲಾಬಿ ಬಣ್ಣದ ಸಜ್ಜೆ ತೋರಿಸಿದರು. ಅದು ಔಷಧ ಸವರಿದ ಬಿತ್ತನೆ ಬೀಜ, ಮುಟ್ಟಲಿಲ್ಲ. ಒಬ್ಬ ರೈತನ ಮನೆಯಲ್ಲಿ ಹೊಸ ಮಾಲು ಸಿಕ್ಕಿತು, ಔಷಧ ಕಾಣದ್ದು, ಹುಳ ಕಾಣದ್ದು.

ಮನೆಗೆ ಬಂದು ಚೀಲ ಇಳಿಸಿ, ಬೀಗತಿಯ ಮುಖ ನೋಡದೆ ಹೇಳಿದೆ. "ಜೋಳ ಬ್ಯಾಡ ಅಂದ್ರು ಡಾಕ್ಟರು. ಸಜ್ಜಿ ತಂದೀನಿ."

ಈಗಾದರೂ ಸುಮ್ಮನಾಗುತ್ತಾಳೆ ಅಂದುಕೊಂಡೆ. ಆಕೆ ಎರಡೂ ಕೈ ಸೊಂಟದ ಮೇಲೆ ಇಟ್ಟಳು. "ಅಂದ್ರ ನನ್ನ ಜೋಳ ವಿಷ ಅಂತ ಊರಾಗೆಲ್ಲ ಡಂಗುರ ಹೊಡದು ಬಂದ್ರೇನು?"

"ನೀವ ಅಂದ್ರೆಲ್ಲ ವಿಷ ಅಂತ!"

"ನಾ ಸುಳಿ ಅಂದೆ. ನನ್ನ ಜೋಳ ಬಂಗಾರ."

ಸೊಸೆ ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ನಗೆ ಬರಲಿಲ್ಲ.

ನೆನೆದ ಸಜ್ಜೆಯನ್ನು ಡ್ರಮ್ಮಿಗೆ ಹಾಕಿ ಹಿಡಿಕೆ ತಿರುವಿದರೆ ಮಳೆ ಸುರಿದಂಗೆ ತೂತಿನಿಂದ ಕಾಳೆಲ್ಲ ಅಂಗಳಕ್ಕೆ. ಜೋಳ ನಿಲ್ಲುವ ತೂತಿನಲ್ಲಿ ಸಜ್ಜೆ ನಿಲ್ಲುತ್ತದೇನು? ಬೀಗತಿಯ ನಗೆ ಓಣಿಯ ಆಚೆಗೆ ಕೇಳಿಸಿತು. "ಬಿತ್ತಾಕ ಹತ್ಯಾರ ನೋಡ್ರಿ ನಮ್ಮ ಬೀಗರು!" ಮಿಲ್ಲಿನ ಹಳೆಯ ಗೆಳೆಯನಿಂದ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ತಂದು ಡ್ರಮ್ಮಿನ ಒಳಮೈಗೆ ಹೊಲಿದೆ, ದಾರದ ಬದಲು ತಂತಿ. ಇದರಿಂದ ಕೇಳದ ಒಂದು ಲಾಭ ಆಯಿತು. ಕಾಳು ಒಣಗಿದ ಮೇಲೆ ಅದೇ ಡ್ರಮ್ಮಿನಲ್ಲಿ ಗರಗರ ತಿರುವಿದರೆ ಸುಳಿ, ಬೇರು ಮುರಿದು ಜಾಳಿಗೆಯಿಂದ ಕೂದಲಿನಂಗೆ ಉದುರಿದವು. ಉಳಿದದ್ದನ್ನು ಸೊಸೆ ಮೊರದಲ್ಲಿ ಕೇರಿದಳು.

ಮಾಳಿಗೆ ಮೇಲೆ ಬಯಲಿಗೆ ಹರವಿದರೆ ಧೂಳು, ಹಕ್ಕಿ, ಸಲಿಕೆ ಹಿಡಿದ ಬೀಗತಿ. ಅದಕ್ಕೆ ಒಣಗಿಸಲು ತಗಡಿನ ಪೆಟ್ಟಿಗೆ ಮಾಡಿದೆ. ಒಳಗೆ ಜಾಳಿಗೆಯ ತಟ್ಟೆಗಳು, ಕೆಳಗೆ ಭತ್ತದ ಹೊಟ್ಟಿನ ಒಲೆ, ಹೊಗೆ ಬ್ಯಾರೆ ಕೊಳವೆಯಿಂದ ಹೊರಗೆ, ಬರೇ ಬಿಸಿ ಗಾಳಿ ತಟ್ಟೆಗೆ. ಗಾಳಿ ನೂಕಲು ಹಳೆಯ ಕೂಲರಿನ ಫ್ಯಾನು. ಭಾಳ ಚಂದ ಒಣಗಿತು, ಘಮ ಘಮ ವಾಸನೆ, ಹಲ್ಲಿನಲ್ಲಿ ಕಡಿದರೆ ಕಟ್ ಅನ್ನುವುದು. ಬೀಸಿದೆವು. ಸೊಸೆ ಗಂಜಿ ಕಾಯಿಸಿದಳು. ಗಂಜಿ ಗೋಂದಿನಂಗೆ ಗಟ್ಟಿ. ಕೂಸು ಒಂದು ಚಮಚ ತೆಗೆದುಕೊಂಡು, ನನ್ನ ಅಂಗಿಯ ಮೇಲೆ ಪೂರಾ ಉಗುಳಿತು.

ಬೀಗತಿ ಒಳಗೆ ಹೋಗಿ ಕೂಸಿನ ಕುಲಾಯಿ, ಕುಂಚಿಗೆ ಮಡಿಚಿ ಚೀಲಕ್ಕೆ ಹಾಕತೊಡಗಿದಳು. ಆಕೆ ಬೈದಾಗ ನನಗೆ ಇಷ್ಟು ಹೆದರಿಕೆ ಆಗಿರಲಿಲ್ಲ.

ಇನ್ನೊಂದು ಸಲ ಹಾಕಿದೆ. ಮೊಳಕೆ ಛಲೋ ಬಂತು. ಒಣಗಿಸಲು ಪೆಟ್ಟಿಗೆಗೆ ಇಟ್ಟು ಒಲೆ ಹೊತ್ತಿಸಬೇಕು, ಕರೆಂಟು ಹೋಯಿತು. ಫ್ಯಾನು ನಿಂತಿತು. ಗಾಳಿ ಇಲ್ಲದೆ ಒಲೆ ಹಚ್ಚಿದರೆ ಕೆಳಗಿನ ತಟ್ಟೆ ಸುಟ್ಟು ಕರಕಲು. "ಅಳಿಯಾ ಕರೆಂಟಿನ ಮನಷ್ಯಾ, ಮನ್ಯಾಗ ಕರೆಂಟಿಲ್ಲ" ಅಂತ ಬೀಗತಿ ಗಾಳಿಗೆ ಹೇಳಿದಳು. ತಟ್ಟೆಗಳನ್ನು ಮಾಳಿಗೆಗೆ ಹೊತ್ತು, ಮೇಲೆ ಧೋತರದ ನೆರಳು ಕಟ್ಟಿ, ನಾನೇ ಕಾವಲು ಕುಂತೆ. ಮಾಳಿಗೆಯ ಗಾಳಿಗೇ ಒಣಗಿತು. ಬಣ್ಣ ಪೇಲವ, ಘಮ ಇಲ್ಲ. ಕೆಟ್ಟಿತು ಅಂತ ನನ್ನ ಮನಸ್ಸು ಹೇಳಿತು. ಚೆಲ್ಲಲು ಮನಸ್ಸಾಗದೆ ಸೊಸೆ ತಿಕ್ಕಿ, ಕೇರಿ, ಬೀಸಿ, ಗಂಜಿ ಮಾಡಿದಳು.

ಒಳಗಿನಿಂದ ಕೂಗು ಕೇಳಿಸಿತು. ಕೂಗಿದವಳು ಬೀಗತಿ.

"ನೀರು! ಹೆತ್ತ ಕೂಸಿಗೆ ಬರೇ ನೀರು ಕುಡಸ್ತೀಯೇನ ನೀ?"

"ಇಲ್ಲ ಯವ್ವಾ, ಹಿಟ್ಟು ಅಷ್ಟ ಹಾಕೀನಿ, ನೀರು ಅಷ್ಟ ಹಾಕೀನಿ. ಮೊದಲ ಗಟ್ಟಿ ಬಂತು, ತಿರುವ್ಕೋತ ಇದ್ದಂಗ ತಾನ ತೆಳ್ಳಗಾತು."

"ಗಂಜಿ ತಾನ ಕರಗತೈತೇನು? ಮಾವನ ಕೂಡ ಇದ್ದು ನೀನೂ ಸುಳ್ಳು ಕಲತಿ."

ಸೊಸೆಯ ಕಣ್ಣಿನಲ್ಲಿ ನೀರು ಬಂದಿತ್ತು. ನಾನು ಪಾತ್ರೆ ಬಗ್ಗಿಸಿ ನೋಡಿದೆ. ಮಜ್ಜಿಗೆಯಂಗೆ ಹರಿಯುತ್ತಿತ್ತು. ಸೊಸೆ ಸುಳ್ಳು ಹೇಳುವವಳಲ್ಲ. ಹಂಗಾದರೆ ಇದೇನು?

"ಬೀಗತ್ಯಾರ, ಇನ್ನೊಬ್ಬರ ಕೈ ಬ್ಯಾಡ. ನೀವ ಕುದಸ್ರಿ" ಅಂದೆ.

ಮೊಳಕೆ ಕಾಣದ ಸಾದಾ ಸಜ್ಜೆ ಹಿಟ್ಟು ಕೊಟ್ಟೆ. ಆಕೆ ಹಟಕ್ಕೆ ಬಿದ್ದು ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಗಂಜಿ ಮಾಡಿದಳು. ಎರಡು ಬಟ್ಟಲಿಗೆ ಹಾಕಿದೆವು, ಬೆರಳು ತಡೆಯುವಷ್ಟು ಆರಲು ಬಿಟ್ಟೆವು. ಒಂದಕ್ಕೆ ಪೆಟ್ಟಿಗೆಯಲ್ಲಿ ಒಣಗಿಸಿದ ಮೊಳಕೆ ಹಿಟ್ಟು ಒಂದು ಚಮಚ, ಇನ್ನೊಂದಕ್ಕೆ ಮಾಳಿಗೆಯ ಗಾಳಿಗೆ ಒಣಗಿದ್ದು ಒಂದು ಚಮಚ. ಎರಡನ್ನೂ ಆಕೆಯೇ ತಿರುವಿದಳು. ಮೊದಲನೆಯದು ಹಂಗೇ ಹಟ ಹಿಡಿದು ನಿಂತಿತು. ಎರಡನೆಯದು ಅವಳ ಕೈಯೊಳಗೇ ಸಡಿಲಾಯಿತು, ಚಮಚ ವಾಲಿತು, ನೋಡ ನೋಡುತ್ತ ಪಾಯಸದಂಗೆ ಆಯಿತು.

ಆಕೆ ಕೈ ಹಿಂದೆ ತೆಗೆದಳು. "ಏನೋ ಮಾಟ ಮಾಡೀರಿ."

"ನಿಮ್ಮ ಕೈಯಾಗ ಇತ್ತು ಚಮಚ."

ಬೆರಳು ಅದ್ದಿ ನೆಕ್ಕಿದಳು. "ಸಿಹಿ ಐತಿ. ಸಕ್ಕರಿ ಹಾಕೀರಿ."

"ಸಕ್ಕರಿ ಡಬ್ಬಿಗೆ ಕೀಲಿ ಹಾಕಿ ಕೀಲಿಕೈ ನೀವ ಇಟ್ಕೊಂಡೀರಿ!"

ಆಕೆ ಸೊಂಟದ ಕೀಲಿಕೈ ಮುಟ್ಟಿ ನೋಡಿಕೊಂಡಳು. ಇದ್ದ ಹಿಟ್ಟು ಎಲ್ಲ ಆ ಬಟ್ಟಲಿನಲ್ಲೇ ಇದೆ, ಒಂದು ಹನಿ ನೀರು ಹೆಚ್ಚಿಲ್ಲ, ಆದರೆ ಕುಡಿಯುವಂತೆ ಹರಿಯುತ್ತದೆ. ಕೂಸಿಗೆ ಬೇಕಾಗಿದ್ದದ್ದು ಇದೇ. ಟೀಚರನ್ನು ಕೇಳಿದಾಗ ಹೇಳಿದರು, ಮೊಳಕೆಯಲ್ಲಿ ಗಂಜಿಯನ್ನು ಕರಗಿಸುವ ಗುಣ ಇರುತ್ತದೆ, ಬಿಸಿ ಜಾಸ್ತಿ ಆದರೆ ಅದು ಸಾಯುತ್ತದೆ ಅಂತ. ನೋಡ್ರಿ, ನೆನೆಸುವಾಗ ಕಾಳನ್ನು ಸಾಯಿಸಿದೆ, ಅದನ್ನು ತಿದ್ದಿಕೊಂಡೆ ಅಂತ ಬೀಗಿದೆ, ಒಣಗಿಸುವಾಗ ಅದೇ ಮಿಲ್ಲಿನ ಕೈಯಿಂದ ಮತ್ತೆ ಸಾಯಿಸಿದೆ. ಕರೆಂಟು ಹೋಗದಿದ್ದರೆ ಇನ್ನೂ ಸಾಯಿಸುತ್ತಲೇ ಇರುತ್ತಿದ್ದೆ.

ಪೆಟ್ಟಿಗೆಯ ಕೆಳಗಿನ ಒಲೆ ಕಿತ್ತೆ. ಮೊದಲು ಬೆಂಕಿ ಇಲ್ಲದೆ ಬರೇ ಫ್ಯಾನಿನ ಗಾಳಿ, ಕಾಳು ಕೈಗೆ ಅಂಟದಂಗೆ ಆಗುವ ತನಕ. ಆಮೇಲೆ ಒಲೆಯನ್ನು ದೂರ ಇಟ್ಟು ಉದ್ದನೆಯ ಕೊಳವೆಯಿಂದ ಬೆಚ್ಚನೆಯ ಗಾಳಿ. ನನ್ನ ಅಂಗೈಯೇ ಥರ್ಮಾಮೀಟರು: ತಟ್ಟೆಯ ಮೇಲೆ ಇಟ್ಟ ಕೈ ಹಿಂದೆ ತೆಗೆಯಬೇಕು ಅನ್ನಿಸಿದರೆ ಬಿಸಿ ಹೆಚ್ಚು. ಸಜ್ಜೆ ಹಿಟ್ಟು ಬೇಗ ಕಮಟುತ್ತದೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಬೀಸುವುದು. ಸೊಸೆ ಗಂಜಿ ಗಟ್ಟಿಯಾಗಿ ಬೇಯಿಸಿ, ಆರಿಸಿ, ಮೊಳಕೆ ಹಿಟ್ಟು ಹಾಕಿ ತಿರುವಿ, ತೆಳ್ಳಗಾದ ಮೇಲೆ ಮತ್ತೊಮ್ಮೆ ಕುದಿಸಿ ಕೊಡುವಳು.

ಕೂಸು ಕುಡಿಯಿತು. ಮೊದಲ ದಿನ ಅರ್ಧ ಬಟ್ಟಲು. ನಾನು ಬಾಗಿಲಲ್ಲಿ ನಿಂತು ಉಸಿರು ಹಿಡಿದು ನೋಡುತ್ತಿದ್ದೆ. "ದೃಷ್ಟಿ ಹಾಕಬ್ಯಾಡ್ರಿ, ಆ ಕಡೆ ಹೋಗ್ರಿ" ಅಂತ ಬೀಗತಿ ಗದರಿದಳು. ನಾನು ಕಿಟಕಿಗೆ ಹೋಗಿ ನೋಡಿದೆ. ಆಮೇಲಾಮೇಲೆ ಬಟ್ಟಲು ಖಾಲಿ ಆಗತೊಡಗಿತು, ಖಾಲಿ ಬಟ್ಟಲಿಗೆ ಕೂಸು ಕೈ ಬಡಿದು ಇನ್ನೂ ಬೇಕು ಅಂತ ಒದರಿತು. ಆ ಒದರುವ ಜೋರು ನೋಡಿದರೆ ಅಳವಂಡಿಯ ರಕ್ತ ಅನ್ನುವುದರಲ್ಲಿ ಅನುಮಾನ ಇಲ್ಲ. ಒಂದು ಮಧ್ಯಾಹ್ನ ನಾನು ನಿದ್ದೆ ಮಾಡಿದ್ದೇನೆ ಅಂದುಕೊಂಡು ಬೀಗತಿ ಡ್ರಮ್ಮಿನ ಹಿಡಿಕೆ ತಿರುವುತ್ತಿದ್ದಳು. ಒಂದೇ ಸಮ, ಮೆಲ್ಲಗೆ, ನನಗಿಂತ ಹದವಾಗಿ. ನಾನು ಕಣ್ಣು ತೆರೆಯಲಿಲ್ಲ. ತೆರೆದಿದ್ದರೆ ಆಕೆ ಬಿಟ್ಟುಬಿಡುತ್ತಿದ್ದಳು, ಕಾಳು ಗಂಟು ಕಟ್ಟುತ್ತಿದ್ದವು.

ಇವತ್ತು ಸಂಜೆ ಎಲ್ಲರೂ ಪಡಸಾಲೆಯಲ್ಲಿ ಒಟ್ಟಿಗೆ ಊಟಕ್ಕೆ ಕುಂತೆವು. ಬೀಗತಿ ಬಡಿದ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಲೆ, ಶೇಂಗಾ ಚಟ್ನಿ, ಕೆನೆಮೊಸರು. ನನಗೆ ಅನ್ನ ಬೇಕು ಅಂತ ಸೊಸೆ ಅನ್ನವನ್ನೂ ಮಾಡಿದ್ದಳು. ಮಗ ಇವತ್ತು ಕಂಬ ಬಿಟ್ಟು ಬೇಗ ಬಂದಿದ್ದ. ಕೂಸು ಸೊಸೆಯ ತೊಡೆಯ ಮೇಲೆ, ಮುಂದೆ ಅದರ ಬಟ್ಟಲು.

"ನಾಳಿಗೆ ನಾ ಊರಿಗೆ ಹೊಕ್ಕೀನಿ" ಅಂದಳು ಬೀಗತಿ. "ಒಬ್ಬಾಕೀನ. ಇವರು ಇಲ್ಲೇ ಇರಲಿ."

ಈ ಮಾತು ಕೇಳಲಿಕ್ಕೆ ನಾನು ಎಷ್ಟು ದಿನದಿಂದ ದೇವರಿಗೆ ಹರಕೆ ಹೊತ್ತಿದ್ದೆ! ಆದರೆ ಬಾಯಿಂದ ಬಂದದ್ದು ಬ್ಯಾರೆ.

"ಎಲ್ಲಿಗೆ ಹೊಕ್ಕೀರಿ? ಮುಂದಿನ ತೂಕದ ತನಕ ಇರ್ರಿ. ನೀವು ಹೋದ್ರ ನನ್ನ ಕೆಲಸದಾಗ ತಪ್ಪು ಹುಡುಕೋರು ಯಾರು?"

"ತಪ್ಪು ಹುಡುಕಾಕ ಏನೈತಿ? ನೀವು ಮಾಡಿದ್ದೆಲ್ಲ ತಪ್ಪ ಐತಿ."

"ಹಂಗಂದ್ರ ಕೆಲಸ ಭಾಳ ಐತಿ ನಿಮಗ. ಇರ್ರಿ."

ಮಗ ಮುಖ ತಗ್ಗಿಸಿ ನಕ್ಕ. ಬೀಗತಿ ನನ್ನ ತಾ‌ಟನ್ನು ನೋಡಿದಳು, ಅನ್ನದ ಮೇಲೆ ಒಂದು ರೊಟ್ಟಿ ದಪ್ಪಂತ ಒಗೆದಳು. "ಮೊದಲ ಇದನ್ನ ತಿನ್ರಿ. ಜಗಳ ಆಡಾಕ ಮೈಯಾಗ ಕಸುವು ಬೇಕು."

ನಾನು ರೊಟ್ಟಿ ಮುರಿದೆ. ಎಲ್ಲರ ಬಾಯಿ ತುಂಬಿತ್ತು, ಕೂಸಿನದೂ.